ಬಾಯಿ ತೆರೆಯದ ಕೂಸು

ದುಂಡಸಿಯ ಸಮತಾಗೆ ಇನ್ನೂ ಮದುವೆಯಾಗಿರಲಿಲ್ಲ. ಆದರೂ ಎರಡೂವರೆ ವರ್ಷದ ಒಂದು ಕೂಸು ಯಾವಾಗಲೂ ಅವಳ ಸೊಂಟದ ಮೇಲಿರುತ್ತಿತ್ತು. ಅದು ಅವಳ ಅಕ್ಕ ರಾಜಶ್ರೀಯ ಮಗಳು, ಮೈತ್ರಿ. ರಾಜಶ್ರೀ ಕಾಮಾಲೆಯಾಗಿ ಹದಿನೈದೇ ದಿನದಲ್ಲಿ ತೀರಿಹೋದ ಮೇಲೆ ಅವಳ ಗಂಡ ರವಿಕುಮಾರ ಕೂಸನ್ನು ತಂದು ಅತ್ತೆಯ ಉಡಿಗೆ ಹಾಕಿದ್ದ. ಅವನು ಮಾಸೂರಿನವನು, ಟಿಪ್ಪರ್ ಓಡಿಸುವವನು. ಇವತ್ತು ಹಾನಗಲ್ಲು, ನಾಳೆ ಸವಣೂರು ಎಂದು ಕೆಲಸ ಇದ್ದಲ್ಲಿ ಮಲಗುವವನು ಕೂಸನ್ನು ಎಲ್ಲಿಗೆಂದು ಒಯ್ದಾನು? ಮಾಸೂರಿನಲ್ಲಿದ್ದ ಅವನ ತಾಯಿ ಹೊತ್ತೆಲ್ಲ ಗದ್ದೆಯಲ್ಲಿರುವವಳು. ಸಮತಾಳ ತಾಯಿ ಅಡಿವೆವ್ವನೂ ಬೆಳಗಾದರೆ ಹೊಲಕ್ಕೆ ಹೋಗುವವಳು. ಹೀಗಾಗಿ ಸಮತಾ ಶಿಗ್ಗಾಂವಿಯ ಶಾಲೆಯೊಂದರಲ್ಲಿ ಮಾಡುತ್ತಿದ್ದ ಟೀಚರ್ ಕೆಲಸ ಬಿಟ್ಟು ಮನೆಯಲ್ಲಿ ಉಳಿದಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ.

ಮೈತ್ರಿ ಬಹುಮಟ್ಟಿಗೆ ತಾಯಿಯ ಹಾಲಿನ ಮೇಲೆಯೇ ಇದ್ದ ಕೂಸು. ಆ ಹಾಲು ಒಮ್ಮೆಲೇ ನಿಂತುಹೋದಾಗ ಕೂಸು ಮೂರು ದಿನ ಏನನ್ನೂ ಮುಟ್ಟದೆ ಅತ್ತಿತು. ನಾಲ್ಕನೆಯ ದಿನ ಅಡಿವೆವ್ವ ಚಹಾದಲ್ಲಿ ಅದ್ದಿದ ಬಿಸ್ಕೀಟು ಬಾಯಿಗಿಟ್ಟಳು. ತಿಂದಿತು. ಮನೆಯವರೆಲ್ಲ ಉಸಿರು ಬಿಟ್ಟರು. ಅಲ್ಲಿಂದ ಮುಂದೆ ಚಹಾ, ಬಿಸ್ಕೀಟು, ಅಂಗಡಿಯ ಖಾರದ ಪಾಕೀಟು, ಮನಸ್ಸು ಬಂದರೆ ಎರಡು ತುತ್ತು ಬಿಳಿ ಅನ್ನ, ಇಷ್ಟೇ ಅದರ ಊಟವಾಯಿತು.

ಅಂಗನವಾಡಿಯ ದಿಲ್ಶಾದ ಟೀಚರ್ ಕೂಸನ್ನು ತೂಗಿದ ದಿನ ತಕ್ಕಡಿಯ ಮುಳ್ಳು ಒಂಬತ್ತು ಕೆಜಿಯನ್ನೂ ಮುಟ್ಟಲಿಲ್ಲ.

"ಸಮತಾ, ತೂಕದ ಪಟ್ಟ್ಯಾಗ ಕೆಂಪು ಗೆರಿಗೆ ಬಂದೈತಿ ನೋಡವಾ ಇದು. ಶಿಗ್ಗಾಂವಿಗೆ ಕರ್ಕೊಂಡು ಹೋಗಿ ರಕ್ತ ತಪಾಸ ಮಾಡಸು."

ಶಿಗ್ಗಾಂವಿಯ ಡಾಕ್ಟರು ಕೂಸಿನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಅಂಗೈ ತಿರುಗಿಸಿ ನೋಡಿದರು. ರಕ್ತದ ಹಿಮೋಗ್ಲೋಬಿನ್ ಎಂಟರ ಒಳಗೇ ಇತ್ತು.

"ಟಾನಿಕ್ ಬರದೇನ್ರಿ. ಆದ್ರ ಖರೇ ಔಷಧಿ ಊಟಾನ. ಚಹಾ ಬಿಸ್ಕೀಟು ಪೂರಾ ಬಂದ್ ಮಾಡ್ರಿ. ಸೊಪ್ಪು, ಕಾಳು, ತತ್ತಿ, ಬೆಲ್ಲ ಹೊಟ್ಟಿಗೆ ಹೋಗಬೇಕು."

"ಆಕಿ ತಿನ್ನಂಗಿಲ್ರಿ ಡಾಕ್ಟರ್."

"ನೀವು ತಿನಸಬೇಕ್ರಿ," ಎಂದು ಅವರು ಮುಂದಿನ ಚೀಟಿ ಕರೆದರು.

ಬಸ್ಸಿನಲ್ಲಿ ಬರುವಾಗ ಸಮತಾಳಿಗೆ ಧೈರ್ಯವೇ ಇತ್ತು. ನಲವತ್ತು ಮಕ್ಕಳಿಗೆ ಅಕ್ಷರ ತಿದ್ದಿಸಿದವಳಿಗೆ ಒಂದು ಕೂಸಿಗೆ ನಾಲ್ಕು ತುತ್ತು ಉಣ್ಣಿಸುವುದು ಅಂಥ ದೊಡ್ಡ ಮಾತೇನು?

ಮರುದಿನ ಹೆಸರುಬೇಳೆಗೆ ಪಾಲಕ ಹಾಕಿ ನುಣ್ಣಗೆ ಅರೆದಳು. ಮೈತ್ರಿ ತುಟಿ ಬಿಗಿದುಕೊಂಡು ಮುಖ ತಿರುಗಿಸಿತು. ಹಸಿರು ಬಣ್ಣ ಕಂಡು ಹೆದರಿತೇನೋ ಎಂದು ಬರೀ ಬೇಳೆ ಕೊಟ್ಟಳು. ನಾಲಿಗೆಯಿಂದ ಹೊರಗೆ ನೂಕಿತು. ಶೇಂಗಾ ಉಂಡಿ ಕಟ್ಟಿ ಕೈಗೆ ಕೊಟ್ಟರೆ ಅದನ್ನು ಕೋಳಿಗೆ ಎಸೆದು ಚಪ್ಪಾಳೆ ತಟ್ಟಿತು. ಒಮ್ಮೊಮ್ಮೆ ಕತೆ ಹೇಳುತ್ತ, ಎಮ್ಮೆ ತೋರಿಸುತ್ತ ಒಂದು ತುತ್ತು ಒಳಗೆ ಹಾಕಿದರೆ ಅದನ್ನು ನುಂಗದೆ ಗಲ್ಲದಲ್ಲಿ ಇಟ್ಟುಕೊಂಡು ತಾಸುಗಟ್ಟಲೆ ಆಡುತ್ತಿತ್ತು. ಸಮತಾ ಬೆರಳು ಹಾಕಿ ನೋಡಿದರೆ ತುತ್ತು ಅಲ್ಲೇ, ಒದ್ದೆಯಾಗಿ, ಬೆಚ್ಚಗೆ ಇರುತ್ತಿತ್ತು. ಒಂದು ದಿನ ಮೊಟ್ಟೆಯ ಹಳದಿಯನ್ನು ಅನ್ನದಲ್ಲಿ ಕಲಸಿ ಬಚ್ಚಿಟ್ಟಳು. ಮೊದಲ ತುತ್ತಿಗೇ ಕೂಸಿಗೆ ಗೊತ್ತಾಯಿತು. ಆ ದಿನದಿಂದ ಬಿಳಿ ಅನ್ನವನ್ನೂ ಬಿಟ್ಟಿತು. ಇದ್ದ ಎರಡು ತುತ್ತನ್ನೂ ತಾನೇ ಕಳೆದೆನಲ್ಲ ಎಂದು ಸಮತಾ ಅಡುಗೆಮನೆಯಲ್ಲಿ ಕುಳಿತು ಅತ್ತಳು.

ನಡುವೆ ಒಂದು ಸಂಜೆ ಮಾತ್ರ ಬೇರೆಯಾಗಿತ್ತು. ಅಡಿವೆವ್ವನಿಗೆ ಬುತ್ತಿ ಒಯ್ದಾಗ ಹೊಲದ ಬದುವಿನಲ್ಲಿ ಮೈತ್ರಿ ತಾನೇ ಅಲಸಂದಿ ಬಳ್ಳಿಗೆ ಕೈ ಹಾಕಿತು. ಕಾಯಿ ಸೀಳಿ ಎಳೆಕಾಳು ಒಂದೊಂದೇ ಬಾಯಿಗೆ ಹಾಕಿಕೊಂಡಿತು. ಅಗಿಯಿತು, ನುಂಗಿತು. ಸಮತಾ ಅಲುಗಾಡದೆ ನಿಂತಳು. ಕೆಮ್ಮು ಬಂದರೂ ತಡೆದುಕೊಂಡಳು. ಆರು ಕಾಯಿ! ಆ ಸಂಜೆ ದಾರಿಯುದ್ದಕ್ಕೂ ಅವಳು ಕೂಸಿಗೆ ಮುತ್ತಿಡುತ್ತ ಬಂದಳು. ಮಾರನೆಯ ದಿನ ಒಂದು ಪುಟ್ಟಿ ಅಲಸಂದಿ ಬಿಡಿಸಿ ತಂದು ಮುಂದಿಟ್ಟರೆ ಮೈತ್ರಿ ಕಾಲಿನಿಂದ ಪುಟ್ಟಿಯನ್ನು ಅತ್ತ ಸರಿಸಿತು. ಮತ್ತೆ ಹೊಲಕ್ಕೆ ಒಯ್ದಳು, ನಾಲ್ಕು ದಿನ ಒಯ್ದಳು. ಬಳ್ಳಿಯ ಕಡೆ ಅದು ಕಣ್ಣೆತ್ತಿಯೂ ನೋಡಲಿಲ್ಲ.

ಚಹಾ ಬಿಸ್ಕೀಟು ಬಂದ್ ಮಾಡಿ ಹತ್ತು ದಿನವಾದರೂ ಕೂಸು ಹೇಗೆ ತಡೆದುಕೊಂಡಿದೆ ಎಂಬುದು ಸಮತಾಳಿಗೆ ಬಿಡಿಸಲಾಗದ ಒಗಟಾಗಿತ್ತು. ಒಂದು ಮುಂಜಾನೆ ಹಿತ್ತಲಿಗೆ ಹೋದಾಗ ಅದು ಬಗೆಹರಿಯಿತು. ಬಚ್ಚಲ ಗೋಡೆಯ ಹಿಂದೆ ಅಡಿವೆವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸ್ಕೀಟು ಅದ್ದಿ ಕೊಡುತ್ತಿದ್ದಳು.

"ಅವ್ವಾ, ಏನ್ ಮಾಡಾಕತ್ತಿ ನೀ?"

"ಹಸದೈತಿ ಕೂಸು."

"ಹಿಂಗ ಕೊಟ್ಕೋತ ಹೋದ್ರ ಅದು ಎಂದ ಉಣ್ಣೂದು? ಡಾಕ್ಟರ್ ಹೇಳಿದ್ದು ನಿನಗೂ ಹೇಳಿಲ್ಲೇನು ನಾ?"

"ಹೇಳಿದಿ. ನನ್ನ ಮಗಳಂತೂ ಹೋದ್ಲು. ಆಕಿ ಕೂಸು ಹಸಕೊಂಡು ಅಳೂದು ನನ್ನ ಕಣ್ಣಲೆ ನೋಡಾಕ ಆಗಂಗಿಲ್ಲ, ಸಮತಾ. ಇವತ್ತ ಜೀವ ಹಿಡಕೊಂಡಿರ್ಲಿ. ನಾಳಿದ್ದು ನಾಳಿಗೆ."

ಸಮತಾ ಪಾಕೀಟು ಕಸಿದುಕೊಂಡು ತಿಪ್ಪೆಗೆ ಎಸೆದಳು. ಸಿಟ್ಟು ಅವ್ವನ ಮೇಲಿತ್ತು. ತೀರಿಸಿಕೊಂಡದ್ದು ಕೂಸಿನ ಮೇಲೆ. ಒಳಗೆ ಒಯ್ದು ಎರಡು ಮೊಣಕಾಲ ನಡುವೆ ಹಿಡಿದು ಕೂರಿಸಿದಳು. ಎಡಗೈಯಿಂದ ಮೂಗು ಒತ್ತಿದಳು. ಉಸಿರಿಗೆಂದು ಬಾಯಿ ತೆರೆದ ಕೂಡಲೇ ಬೇಳೆ ಸೊಪ್ಪಿನ ಚಮಚ ಒಳಗೆ ತುರುಕಿದಳು. ಒಂದು. ಎರಡು. ಮೂರನೆಯದಕ್ಕೆ ಮೈತ್ರಿಯ ಮುಖ ಕಪ್ಪಿಟ್ಟಿತು. ಕಣ್ಣು ಮೇಲೆ ಹೋಯಿತು. ಅಡಿವೆವ್ವ ಓಡಿಬಂದು ಕೂಸನ್ನು ಕಿತ್ತುಕೊಂಡು ಬೋರಲು ಹಾಕಿ ಬೆನ್ನಿಗೆ ಬಡಿದಳು. ಎಲ್ಲವೂ ಹೊರಗೆ ಬಿತ್ತು, ಬೆಳಗಿನ ಚಹಾದ ಸಮೇತ.

"ಕೊಲ್ತೀಯೇನ ಇದನ್ನ?" ಎಂದಳು ಅಡಿವೆವ್ವ.

ಸಮತಾ ಚಮಚ ಹಿಡಿದೇ ಕುಳಿತಿದ್ದಳು.

ಆ ದಿನದಿಂದ ಮೈತ್ರಿ ಅವಳ ಸೊಂಟ ಏರಲಿಲ್ಲ. ಸಮತಾ ಹತ್ತಿರ ಬಂದರೆ ಸಾಕು, ಕೈಯಲ್ಲಿ ಏನೂ ಇಲ್ಲದಿದ್ದರೂ, ಎರಡೂ ಅಂಗೈ ಬಾಯಿಗೆ ಅಡ್ಡ ಹಿಡಿದು, "ಚಿಗವ್ವ ಬ್ಯಾಡ, ಚಿಗವ್ವ ಬ್ಯಾಡ" ಎನ್ನುತ್ತ ಅಜ್ಜಿಯ ಸೀರೆಯ ಹಿಂದೆ ಸೇರುತ್ತಿತ್ತು.

ರವಿವಾರ ರವಿಕುಮಾರ ಬಂದ. ಅವನು ಪ್ರತಿ ಸಲ ತರುವಂತೆ ಖಾರದ ಪಾಕೀಟುಗಳ ಸರ ತಂದಿದ್ದ. ಮಗಳು ಓಡಿಹೋಗಿ ಅವನ ಕುತ್ತಿಗೆಗೆ ಜೋತುಬಿದ್ದಿತು. ಅವನು ಚಹಾ ಕುಡಿಯುವಷ್ಟರಲ್ಲಿ ಎಲ್ಲವನ್ನೂ ಕಂಡಿದ್ದ.

"ಅತ್ತಿ, ಕೂಸಿನ್ನ ಮಾಸೂರಿಗೆ ಒಯ್ತೇನ್ರಿ. ಅಲ್ಲೆ ನಮ್ಮವ್ವ ಅದಾಳ."

ಅಡಿವೆವ್ವ ಸೆರಗು ಬಾಯಿಗೆ ಹಿಡಿದಳು. ಸಮತಾ ಎದ್ದು ಬಂದಳು.

"ಮಾಮಾ, ಇನ್ನೊಂದು ತಿಂಗಳಾ ಕೊಡ್ರಿ. ನಾ ಜುಲುಮಿ ಮಾಡಂಗಿಲ್ಲ. ಆಣಿ ಮಾಡ್ತೇನಿ."

"ನಾ ಯಾರದೂ ತಪ್ಪು ಅನ್ನಾಕತ್ತಿಲ್ಲ. ನೀ ನೌಕರಿ ಬಿಟ್ಟಿ, ಎಲ್ಲಾ ಮಾಡಿದಿ. ಆದ್ರ ನಿನ್ನ ಕಂಡ್ರ ಆಕಿ ಬಾಯಿ ಮುಚ್ಕೋತಾಳಲ್ಲ, ಸಮತಾ."

ಸಮತಾ ಒಳಗೆ ಹೋದಳು. ಟಾನಿಕ್ ಬಾಟಲಿ, ಅಂಗನವಾಡಿಯ ಪುಷ್ಟಿ ಹಿಟ್ಟು, ಯಾವ ಹೊತ್ತಿಗೆ ಏನು ಕೊಡಬೇಕೆಂದು ಬರೆದ ಹಾಳೆ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಟ್ಟಳು. ಬಸ್ಸು ಹತ್ತುವಾಗ ಮೈತ್ರಿ ಅಳಲಿಲ್ಲ.

ಒಂದೂವರೆ ತಿಂಗಳು ತಡೆದುಕೊಂಡು ಸಮತಾ ಮೂರು ಬಸ್ಸು ಬದಲಿಸಿ ಮಾಸೂರಿಗೆ ಹೋದಳು. ರವಿಕುಮಾರ ಮನೆಯಲ್ಲಿರಲಿಲ್ಲ. ಅವನ ತಾಯಿ ಉಡಚವ್ವ ಕೆರೆಯ ಕೆಳಗಿನ ಗದ್ದೆಯಲ್ಲಿ ನಾಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು. ಮೈತ್ರಿ ಅಂಗಳದಲ್ಲಿ ಒಂದು ಬೆಕ್ಕಿನ ಮರಿಯೊಂದಿಗೆ ಕುಳಿತಿತ್ತು. ಕೂದಲು ಕೆಂಚಗಾಗಿತ್ತು. ತೋಳು ಸಮತಾಳ ಎರಡು ಬೆರಳಿನಷ್ಟಿತ್ತು. ನಗುತ್ತಿತ್ತು.

"ಅತ್ತಿ, ಟಾನಿಕ್ ಕುಡಸಾಕತ್ತೀರಿಲ್ರಿ?"

"ವಾಂತಿ ಮಾಡ್ಕೋತಿತ್ತವಾ, ಬಿಟ್ವಿ. ಹೊತ್ತೆಲ್ಲಾ ಗದ್ದ್ಯಾಗ ಇರ್ತೇನಿ, ಬೆನ್ನ ಹತ್ತಿ ತಿನಸಾಕ ಯಾರದಾರ? ಬೇಡಿದ್ದು ಕೊಡ್ತೇನಿ, ಸುಮ್ಮನಿರ್ತೈತಿ. ನಿಮ್ಮ ಮಾಮಾನೂ ಸಣ್ಣಾಂವ ಇದ್ದಾಗ ಹಿಂಗ ಇದ್ದ."

"ಹಿರೇಕೆರೂರಿನ ದವಾಖಾನಿಗೆ ಒಂದ ಸಲ ತೋರಸ್ಕೊಂಡು ಬರ್ತೇನ್ರಿ, ಸಂಜಿಕ ತಿರುಗಿ ತಂದು ಬಿಡ್ತೇನಿ."

ಉಡಚವ್ವ ಕೆಟ್ಟವಳಲ್ಲ. ಸಮತಾಳ ತಲೆ ಸವರಿ ಹೇಳಿದಳು: "ಬ್ಯಾಡವಾ. ಅಂವ ಬೈತಾನ. ಮೊದ್ಲ ನಿನ್ನ ಕಂಡ್ರ ಹೆದರ್ತೈತಿ."

ಹೌದು, ಬೆಕ್ಕಿನ ಮರಿಯನ್ನು ಬಿಟ್ಟು ಕೂಸು ಆಗಲೇ ಒಳಕೋಣೆಗೆ ಓಡಿತ್ತು. ಸಮತಾ ತಂದಿದ್ದ ಹೊಸ ಅಂಗಿಯನ್ನು ಹೊಸ್ತಿಲ ಮೇಲಿಟ್ಟು ಎದ್ದಳು.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಆಶಾ ಕಾರ್ಯಕರ್ತೆಯ ಮನೆ ಕೇಳಿಕೊಂಡು ಹೋದಳು. ಕುಲಸುಮಬಿ ಎಂಬ ನಡುವಯಸ್ಸಿನ ಹೆಂಗಸು. ಸಮತಾ ಹೇಳಿದ್ದನ್ನೆಲ್ಲ ನಿಂತೇ ಕೇಳಿ, ಒಳಗಿನಿಂದ ವಹಿ ತಂದು ಮೈತ್ರಿಯ ಹೆಸರು ಬರೆದುಕೊಂಡಳು.

"ಇಂಥಾವು ಈ ಎರಡು ಓಣ್ಯಾಗ ಒಂಬತ್ತು ಅದಾವ್ರಿ. ನಿಮ್ಮದು ಹತ್ತನೇದು. ಗುರುವಾರ ಹೋಗಿ ತೂಕ ಮಾಡ್ತೇನಿ. ಹಾವೇರಿ ದೊಡ್ಡ ದವಾಖಾನಿಗೆ ಭರ್ತಿ ಮಾಡಾಕ ಹೇಳ್ತೇನಿ. ಮನಿಯವ್ರು ಒಪ್ಪಬೇಕ್ರಿ."

ಗುರುವಾರ ಸಂಜೆ ಸಮತಾ ಫೋನ್ ಮಾಡಿದಳು.

"ಹೋಗಿದ್ನಿರಿ," ಎಂದಳು ಕುಲಸುಮಬಿ. "ಬಾಗಲಾ ಹಾಕಿತ್ತು. ಎಲ್ಲಾರೂ ಗದ್ದಿಗೆ ಹೋಗಿದ್ರು, ಕೂಸಿನ್ನೂ ಕರ್ಕೊಂಡು. ಮುಂದಿನ ವಾರ ಮತ್ತ ಹೋಗ್ತೇನಿ."

"ಹ್ಞೂಂ ರೀ," ಎಂದಳು ಸಮತಾ. ಆ ಕಡೆಯವರು ಫೋನ್ ಇಟ್ಟ ಮೇಲೂ ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಳು.