ಎಣ್ಣೆಬಾಯಿ

"ಹಡಗನ್ನ ತಲೆಕೆಳಗು ಮಾಡಿ ಎಣ್ಣೆ ಹೊಯ್ಯೋದಾ ಸಾಹೇಬ್ರೆ? ಹಂಗಂತ ಹೇಳ್ಬಿಡಿ, ನಾನು ಸುಮ್ನೆ ವಾಪಸ್ ಹೋಗ್ತೀನಿ."

ಎರಕದ ಮನೆಯ ಮೇಸ್ತ್ರಿ ಓನುಕಿ ಹೆಗಲ ಮೇಲೆ ಹೊತ್ತು ತಂದಿದ್ದ ಬೇರಿಂಗ್ ಪೆಟ್ಟಿಗೆಯನ್ನು ನಕ್ಷೆ ವಿಭಾಗದ ಮುಖ್ಯಸ್ಥ ಮಕಾಬೆಯ ಮೇಜಿನ ಮೇಲೆ ಕುಕ್ಕಿದ. ಲೋಟದ ಚಹಾ ಚೆಲ್ಲಿತು. ಎರಕದ ಮರಳು ಇನ್ನೂ ಮೆತ್ತಿಕೊಂಡಿದ್ದ ಆ ಕಬ್ಬಿಣ, ಕೆಸರುಗಾಲಲ್ಲಿ ಚಾಪೆಯ ಮೇಲೆ ಹತ್ತಿ ಬಂದವರ ಹಾಗೆ, ಬೆಳ್ಳನೆಯ ಕಾಗದಗಳ ನಡುವೆ ಕೂತುಬಿಟ್ಟಿತು. ಓನುಕಿ ಅದನ್ನು ಮಗುಚಿ ಹಾಕಿ ಹೊಟ್ಟೆಯ ಅಡಿಯಲ್ಲಿದ್ದ ದುಂಡನೆಯ ತೂತಿಗೆ ಹೆಬ್ಬೆರಳು ತುರುಕಿದ.

"ನೋಡಿ, ಎಣ್ಣೆಬಾಯಿ. ಮೇಲೆ ಇರ್ಬೇಕಾದ್ದು ಕೆಳಗೆ ಕೂತಿದೆ. ಹೊಯ್ದ ಎಣ್ಣೆ ನಿಲ್ಲೋದು ಹಾಗಿರ್ಲಿ, ಮೊದ್ಲು ಹೊಯ್ಯೋಕೆ ಆಗ್ಬೇಕಲ್ಲ! ನೀವು ಕೊಟ್ಟ ನಕ್ಷೇಲಿ ಹಂಗೇ ಇತ್ತು, ನಾವು ಹಂಗೇ ಮಾಡಿದ್ವಿ. ನಿನ್ನೆ ಎರಕ ಹೊಯ್ದದ್ದು ಪೂರ್ತಿ ಹಾಳು. ಇವತ್ತಿನ ಎರಕಕ್ಕೆ ಕುಲುಮೆ ಹೊತ್ತಿಸಿ ಆಗಿದೆ. ನೀವು ಮೀಟಿಂಗ್ ಮಾಡೋವರ್ಗೂ ಕಬ್ಬಿಣ ಕಾಯಲ್ಲ."

ಮಕಾಬೆ ನಿಟ್ಟುಸಿರು ಬಿಟ್ಟು ನಕ್ಷೆಯ ಪ್ರತಿಯನ್ನು ಬಿಚ್ಚಿದ. ಹಡಗಿನ ಪಂಪುಗಳನ್ನು ಮಾಡುವ ಅಮಾಗಸಾಕಿಯ ಆ ಕಾರ್ಖಾನೆಯಲ್ಲಿ ಏನೇ ಎಡವಟ್ಟಾದರೂ ಮೊದಲು ನಕ್ಷೆ ನೋಡುವ ಪದ್ಧತಿಯಿಲ್ಲ. ಕೆಳಗಿನ ಬಲಮೂಲೆಯ ಚೌಕ ನೋಡುತ್ತಾರೆ. ಅಲ್ಲಿ ಮೂರು ಮನೆಗಳು: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಒಂದೊಂದರಲ್ಲೂ ಒಬ್ಬೊಬ್ಬರ ಹೆಸರಿನ ದುಂಡು ಮುದ್ರೆ. ಪರಿಶೀಲಿಸಿದವರ ಮನೆಯಲ್ಲಿದ್ದದ್ದು ಮಕಾಬೆಯದೇ ಮುದ್ರೆ. ಅದರ ಮೇಲೆ ಮೆಲ್ಲಗೆ ಹೆಬ್ಬೆರಳಿಟ್ಟು ಮುಚ್ಚಿಕೊಂಡು ಆತ ಪಕ್ಕದ ಮನೆಯನ್ನು ಓದಿದ.

"ತ್ಸುಕುದಾ!"

ಕಾಲೇಜು ಮುಗಿಸಿ ಬಂದು ಇನ್ನೂ ಹೊಸ ಬೂಟು ಸವೆಯದ ತ್ಸುಕುದಾ ಓಡಿ ಬಂದು ಸೊಂಟದವರೆಗೆ ಬಾಗಿದ. ತೂತು ನೋಡಿದ, ನಕ್ಷೆ ನೋಡಿದ, ಎರಡೂ ಅರ್ಥವಾಗದೆ ಮತ್ತೊಮ್ಮೆ ಬಾಗಿದ.

"ಕ್ಷಮಿಸ್ಬೇಕು ಸರ್. ಅವಸರದಲ್ಲಿ ಬರೆದುಬಿಟ್ಟೆ. ಕೈ ತಪ್ಪಿತು."

ಕಿಟಕಿ ಪಕ್ಕದ ನಕ್ಷೆ ಹಲಗೆಯ ಮುಂದೆ ಕೂತಿದ್ದ ಹಿಸಾಯೊಳ ಪೆನ್ಸಿಲಿನ ಮೊನೆ ಪಟ್ಟನೆ ಮುರಿಯಿತು.

ಅವಸರವಂತೆ! ಆ ನಕ್ಷೆಯಲ್ಲಿ ಒಂದು ಗೆರೆಯೂ ತ್ಸುಕುದಾ ಎಳೆದದ್ದಲ್ಲ. ಎಲ್ಲ ಅವಳ ಕೈಯದು, ತಪ್ಪೂ ಅವಳದೇ. ಅದು ಓನುಕಿಯ ಹೆಬ್ಬೆರಳು ತೂತಿಗೆ ಹೋದ ಕ್ಷಣದಲ್ಲೇ ಅವಳಿಗೆ ಗೊತ್ತಾಗಿತ್ತು. ಈ ಪೆಟ್ಟಿಗೆಯ ಮೂಲ ನಕ್ಷೆ ಯುದ್ಧಕ್ಕೂ ಹಿಂದಿನದು, ಜರ್ಮನ್ನರಿಂದ ಕಲಿತವರು ಬರೆದದ್ದು. ಅವರ ಕ್ರಮದಲ್ಲಿ ಮೇಲಿನಿಂದ ಕಂಡದ್ದನ್ನು ಕೆಳಗೆ ಬರೆಯುತ್ತಾರೆ, ಎಡದಿಂದ ಕಂಡದ್ದನ್ನು ಬಲಕ್ಕೆ. ಈಗ ಕಾರ್ಖಾನೆಯಲ್ಲಿ ನಡೆಯುವುದು ಅಮೆರಿಕದ ಕ್ರಮ: ಮೇಲಿನದು ಮೇಲೆಯೇ, ಎಡದ್ದು ಎಡಕ್ಕೇ. ಹಳೆಯದನ್ನು ಹೊಸ ಕ್ರಮಕ್ಕೆ ತಂದು ಬರೆಯುವಾಗ ಅವಳು ಎಡಬಲಗಳನ್ನು ಸರಿಯಾಗಿಯೇ ಬದಲಿಸಿದ್ದಳು. ಮೇಲಿನ ನೋಟವನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದಳು. ಎರಕದವರು ಅದನ್ನು ಕೆಳಗಿನಿಂದ ಕಂಡ ನೋಟವೆಂದೇ ಓದಿದರು. ಮುಂದಿನ ನೋಟದಲ್ಲಿ ಎಣ್ಣೆಬಾಯಿ ಅಂಚುಪಟ್ಟಿಯ ಹಿಂದೆ ಮರೆಯಾಗಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಮಾಡಬಾರದ ತಪ್ಪು ಅದು. ಆದರೆ ಅವಸರದ್ದಂತೂ ಅಲ್ಲ. ಒಂದೊಂದು ಕಮಾನನ್ನೂ ಆಸೆಯಿಂದ ಎಳೆದಿದ್ದಳು.

ಅವಳು ಕೆಲಸಕ್ಕೆ ಸೇರಿದಾಗ ಚೌಕದಲ್ಲಿ ನಾಲ್ಕು ಮನೆಗಳಿದ್ದವು. ಗಂಡಸರು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದನ್ನು ಹೆಂಗಸರು ಗಂಜಿ ಹಾಕಿದ ತೆಳುಬಟ್ಟೆಯ ಮೇಲೆ ಮಸಿಯಲ್ಲಿ ತೆಗೆಯುತ್ತಿದ್ದರು. 'ನಕಲು ತೆಗೆದವರು' ಎಂಬ ಮನೆಯಲ್ಲಿ ತಮ್ಮ ಮುದ್ರೆ ಒತ್ತುತ್ತಿದ್ದರು. ಆಮೇಲೆ ಅಮೋನಿಯಾ ವಾಸನೆಯ ಯಂತ್ರ ಬಂತು. ತೆಳುಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದೇ ನೇರವಾಗಿ ಅಚ್ಚಾಗತೊಡಗಿತು. ಮಸಿ ಹೋಯಿತು, ಬಟ್ಟೆ ಹೋಯಿತು, ಜೊತೆಯ ಹೆಂಗಸರು ಮದುವೆಯಾಗಿಯೋ ಬೇಸತ್ತೋ ಹೋದರು. ನಾಲ್ಕನೆಯ ಮನೆಯನ್ನೂ ಅಳಿಸಿದರು. ಹಿಸಾಯೊ ಉಳಿದಳು, ಯಾಕೆಂದರೆ ಅಷ್ಟು ಹೊತ್ತಿಗೆ ಅವಳು ನಕ್ಷೆಯನ್ನೇ ಬರೆಯುತ್ತಿದ್ದಳು. ಸಂಬಳದ ಕಡತದಲ್ಲಿ ಮಾತ್ರ ಇನ್ನೂ ನಕಲುಗಾರ್ತಿ. ನಕಲುಗಾರ್ತಿಗೆ 'ಬರೆದವರು' ಮನೆಯಲ್ಲಿ ಜಾಗವಿಲ್ಲ, ಪದವೀಧರನೊಬ್ಬ ಬಂದು ಮುದ್ರೆ ಒತ್ತಬೇಕು. ಈಚೆಗೆ ಆ ಭಾಗ್ಯ ತ್ಸುಕುದಾನದು. ಕಳೆದ ವಸಂತದಲ್ಲಿ ಅವಳ ನಕ್ಷೆಯೊಂದನ್ನು ಮೆಚ್ಚಿ ಕಾರ್ಖಾನೆಯ ಯಜಮಾನರು ಅವನಿಗೆ ಒಂದು ಡಬ್ಬಿ ಸಿಹಿಹೂರಣದ ಕಡುಬು ಕಳಿಸಿದ್ದರು. ಪಾಪ, ಒಳ್ಳೆಯ ಹುಡುಗ, ಎರಡು ಇವಳಿಗೂ ಕೊಟ್ಟ. ಅವಳು ಬಾಯಿಮುಚ್ಚಿಕೊಂಡು ತಿಂದಿದ್ದಳು. ಆದರೆ ಈ 'ಅವಸರ' ಗಂಟಲಲ್ಲಿ ಇಳಿಯಲಿಲ್ಲ.

ಅವಳು ಎದ್ದು ನಿಂತಳು.

"ಅವಸರದಲ್ಲಿ ಬರೆದದ್ದಲ್ಲ ಅದು."

"ನಿನ್ನನ್ನ ಯಾರೂ ಕೇಳ್ಲಿಲ್ಲ ಕಾಜಿತಾನಿ, ಕೂತ್ಕೋ," ಎಂದ ಮಕಾಬೆ ಅವಳ ಮನೆತನದ ಹೆಸರು ಹಿಡಿದು.

"ನಿಧಾನವಾಗೇ ಬರೆದದ್ದು ಸರ್. ತಪ್ಪೂ ನಿಧಾನವಾಗೇ ಆಗಿದೆ. ಬರೆದವಳು ನಾನು."

ಓನುಕಿ ಅವಳ ಮುಖ ನೋಡಿದ, ಬಾಗಿದ್ದ ತ್ಸುಕುದಾನ ನೆತ್ತಿ ನೋಡಿದ. "ಹಂಗಾದ್ರೆ ನಾನು ಬಯ್ಯಬೇಕಾದ್ದು ಯಾರಿಗೆ? ಅದೊಂದು ಬೇಗ ತೀರ್ಮಾನ ಮಾಡಿ. ಮೆಟ್ಲು ಹತ್ತಿ ಬಂದಿದ್ದೀನಿ."

"ಅವನಿಗೇ ಬಯ್ಯಿ," ಎಂದ ಮಕಾಬೆ. "ಇವಳು ನಕಲುಗಾರ್ತಿ. ನಕಲುಗಾರ್ತಿ ತಪ್ಪು ಮಾಡೋ ಹಾಗೇ ಇಲ್ಲ. ತಪ್ಪೇನಿದ್ರೂ ಬರೆದವರದ್ದು."

"ಯಾವುದರ ನಕಲು ಸರ್? ಹಳೇ ನಕ್ಷೇಲಿ ಎಲ್ಲ ಅದರದರ ಜಾಗದಲ್ಲಿದೆ. ಬರೀ ನಕಲಾಗಿದ್ರೆ ಇದರಲ್ಲಿ ತಪ್ಪು ಎಲ್ಲಿಂದ ಬಂತು?"

ಮಕಾಬೆ ಎದ್ದು ಬಂದು ಅವಳನ್ನು ಕಿಟಕಿಯ ಕಡೆ ತಿರುಗಿಸಿ ದನಿ ತಗ್ಗಿಸಿದ. "ತಲೆ ಕೆಟ್ಟಿದೆಯಾ ನಿಂಗೆ? ಅವನಿಗಾದ್ರೆ ನಾಲ್ಕು ಮಾತು ಬಯ್ದು ಮುಗಿಸ್ತಾರೆ. ನಕಲುಗಾರ್ತಿ ಕೈಲಿ ನಕ್ಷೆ ಬರೆಸ್ತಿದ್ರು ಅಂತ ಮೇಲಿನವರಿಗೆ ಗೊತ್ತಾದ್ರೆ ನಿನ್ನನ್ನ ಮನೆಗೆ ಕಳಿಸ್ತಾರೆ. ನನ್ನ ಗತಿ ಏನು? ಇಷ್ಟು ವರ್ಷ ಸುಮ್ನಿದ್ದವಳಿಗೆ ಇವತ್ತೇ ಏನು ಬಂತು? ಹೊಗಳಿದಾಗ ಬಾಯಿ ಬಿಡ್ಲಿಲ್ಲ, ಉಗಿಯೋವಾಗ ನಂದು ನಂದು ಅಂತೀಯಲ್ಲ!"

"ಹೊಗಳಿದಾಗ ಬಾಯಿ ಬಿಟ್ಟಿದ್ರೆ ನೀವು ಕೇಳ್ತಿದ್ರಾ?"

ಮಕಾಬೆ ಹಣೆ ಚಚ್ಚಿಕೊಂಡ. ಕೆಲಸ ಹೋದರೆ ಏನು ಗತಿಯೆಂದು ಅವಳಿಗೂ ಗೊತ್ತಿತ್ತು. ನಲವತ್ತರ ಹತ್ತಿರದ ಹೆಂಗಸಿಗೆ ಅಮಾಗಸಾಕಿಯಲ್ಲಿ ಇನ್ನೊಂದು ನಕ್ಷೆಯ ಹಲಗೆ ಯಾರು ಕೊಡುತ್ತಾರೆ? ಆದರೂ ಭಯಕ್ಕಿಂತ ಜಾಸ್ತಿ ಸಿಟ್ಟು ಬಂದಿತ್ತು.

ಅವಳು ಕಪಾಟಿನಿಂದ ತನ್ನ ನಕ್ಷೆಯ ಮೂಲ ತೆಳುಕಾಗದ ತೆಗೆದು ಹಲಗೆಗೆ ಹಾಸಿದಳು. ಕೆಳಗಿದ್ದ ನೋಟವನ್ನು ರಬ್ಬರಿನಿಂದ ಅಳಿಸಿ, ಪುಡಿ ಗುಡಿಸಿ, ಅದನ್ನು ಮೇಲೆ ಇರಬೇಕಾದ ಜಾಗದಲ್ಲಿ ಹೊಸದಾಗಿ ಬರೆದಳು. ಮಧ್ಯರೇಖೆ, ಎರಡು ವೃತ್ತ, ಎಣ್ಣೆಬಾಯಿ. ಪಕ್ಕದಲ್ಲಿ ತಿದ್ದುಪಡಿಯ ಪುಟ್ಟ ತ್ರಿಕೋನ ಹಾಕಿ ಕಾರಣ ಬರೆದಳು: ಮೇಲಿನ ನೋಟ ತಪ್ಪು ಜಾಗದಲ್ಲಿತ್ತು. ಆಮೇಲೆ ನಕ್ಷೆಬಟ್ಟೆಯ ಕಾಲದಲ್ಲಿ ಮಸಿ ಕೆರೆಯುತ್ತಿದ್ದ ಬ್ಲೇಡು ತೆಗೆದು ಮೂಲೆಯ ಚೌಕದ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, 'ಬರೆದವರು' ಮನೆಯ ಕೆಂಪು ಮುದ್ರೆಯನ್ನು ಕೆರೆಯತೊಡಗಿದಳು.

ಯಾವಾಗಲೋ ಪಕ್ಕಕ್ಕೆ ಬಂದು ನಿಂತಿದ್ದ ತ್ಸುಕುದಾ ಪಿಸುಗುಟ್ಟಿದ. "ಅಕ್ಕಾ, ನನ್ನ ಹೆಸರು ಹೋಗ್ತಿದೆ."

"ಹೋಗ್ಲಿ. ನಿಂಗೇನು ನೋವಾಗತ್ತಾ?"

"ಇಲ್ಲ. ಕಾಗದ ಸುರುಳಿ ಸುತ್ಕೊಳ್ತಿದೆ. ಹಿಡ್ಕೊಳ್ಲಾ?"

"ಹಿಡ್ಕೋ. ಬೆವರು ತಾಗಿಸ್ಬೇಡ."

ಅವನು ಎರಡೂ ಅಂಗೈ ಊರಿ ಹಿಡಿದ. ಕೆರೆದ ಜಾಗವನ್ನು ಅವಳು ಉಗುರಿನ ಬೆನ್ನಿನಿಂದ ಉಜ್ಜಿ ನಯ ಮಾಡಿದಳು. ಮನೆ ಖಾಲಿಯಾಯಿತು.

"ಆಯ್ತೇನಮ್ಮಾ?" ಓನುಕಿ ಬಾಗಿಲಲ್ಲಿ ಕಾಲು ಕುಟ್ಟುತ್ತಿದ್ದ. "ಯಾರದಾದ್ರೂ ಒಂದು ಮುದ್ರೆ ಬೀಳ್ಲಿ. ಖಾಲಿ ಚೌಕದ ನಕ್ಷೆ ಮಾತ್ರ ನಾನು ಮುಟ್ಟಲ್ಲ. ನಾಳೆ ಇನ್ನೊಂದು ತೂತು ಇನ್ನೆಲ್ಲೋ ಬಂದ್ರೆ ಯಾರ ಜುಟ್ಟು ಹಿಡಿಯೋದು?"

ಮಕಾಬೆ ಬಂದು ನೋಡಿ ಬೆಚ್ಚಿದ. "ಕೆರೆದೇಬಿಟ್ಯಾ! ತ್ಸುಕುದಾ, ನಿನ್ನ ಮುದ್ರೆ ತೆಗಿ. ಬೇಗ."

ತ್ಸುಕುದಾನ ಅಂಗಿಯ ಜೇಬಿನಲ್ಲಿ ಮುದ್ರೆಯ ಡಬ್ಬಿ ಎಲ್ಲರಿಗೂ ಕಾಣುವಂತೆ ಉಬ್ಬಿತ್ತು. ಅವನು ಊರಿದ್ದ ಅಂಗೈಗಳನ್ನು ಒಮ್ಮೆ ನೋಡಿಕೊಂಡ. ಕಿವಿ ಕೆಂಪಾಗಿತ್ತು.

"ಕೈ ಖಾಲಿ ಇಲ್ಲ ಸರ್," ಎಂದ.

ಕೆಳಗೆ ಅಂಗಳದಲ್ಲಿ ಯಾರೋ ಓನುಕಿಯ ಹೆಸರು ಹಿಡಿದು ಕೂಗಿದರು. ಕಬ್ಬಿಣ ಕರಗಿತ್ತು.

ಹಿಸಾಯೊ ತನ್ನ ಕೈವಾರದ ಪೆಟ್ಟಿಗೆ ತೆರೆದಳು. ಹಳೆಯ ನಕ್ಷೆಬಟ್ಟೆಯನ್ನು ಕುದಿಸಿ ಗಂಜಿ ತೆಗೆದು ಮಾಡಿಕೊಂಡ ಕರವಸ್ತ್ರದೊಳಗೆ ಅವಳ ಮುದ್ರೆ ಸುತ್ತಿಟ್ಟಿತ್ತು. ಅದರ ಮುಖಕ್ಕೆ ಬಾಯಿಂದ ಬಿಸಿಯುಸಿರು ಊದಿ, ಕೆಂಪು ಹಚ್ಚಿ, 'ಬರೆದವರು' ಮನೆಯಲ್ಲಿ ನೆಟ್ಟಗೆ ಊರಿ ಒತ್ತಿದಳು. ಯಾರೂ ತಡೆಯಲಿಲ್ಲ. ಮಕಾಬೆ ಗೊಣಗುತ್ತಾ ತಿದ್ದುಪಡಿಯ ಪಕ್ಕ ಒತ್ತಲೆಂದು ತನ್ನ ಮುದ್ರೆ ತೆಗೆದವನು, ಒತ್ತುವ ಮೊದಲು ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದ. ಎರಡೆರಡು ಸಲ ಓದಿದ.

ಯಂತ್ರದಿಂದ ಪ್ರತಿ ಒದ್ದೆಯಾಗಿ, ಕಣ್ಣುರಿಸುವ ವಾಸನೆಯೊಡನೆ ಹೊರಬಂತು. ಓನುಕಿ ಅದನ್ನು ಬೆಳಕಿಗೆ ಹಿಡಿದು ಮೂಲೆಯ ಚೌಕಕ್ಕೆ ಮೂಗು ತಾಗಿಸಿದ.

"ಕಾಜಿತಾನಿ," ಎಂದು ಓದಿ ತಲೆ ಎತ್ತಿದ. "ನೀನೇ ತಾನೆ? ಈಗ ಬಯ್ಯಬಹುದಾ?"

"ಬಯ್ಯಿರಿ."

ಓನುಕಿ ಬಯ್ದ. ಎರಕದ ಮನೆಯ ಗದ್ದಲವನ್ನು ಮೀರಿಸಿ ಅಭ್ಯಾಸವಾದ ಗಂಟಲು ಅದು. ಕಣ್ಣು ಎಲ್ಲಿಟ್ಟುಕೊಂಡು ಬರೆದೆ ಎಂದ. ಮರಳು ತುಂಬಿದವರ ಬೆನ್ನು ನಿನ್ನ ಅಪ್ಪನ ಮನೆಯದಾ ಎಂದ. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲದವರು ಟೋಪಿಯನ್ನ ಕಾಲಿಗೆ ಹಾಕ್ಕೊಳ್ತೀರಾ ಎಂದ. ನಡುವೆ ತ್ಸುಕುದಾ ಏನೋ ಹೇಳಲು ಬಾಯಿ ತೆರೆದಾಗ ಹಿಸಾಯೊ ಕಣ್ಣಲ್ಲೇ ಅವನನ್ನು ಸುಮ್ಮನಾಗಿಸಿದಳು. ಕೈ ಮುಂದೆ ಕಟ್ಟಿ, ತಲೆ ಬಾಗಿಸಿ, ಒಂದು ಮಾತೂ ಬಿಡದೆ ಕೇಳಿದಳು. ಇಡೀ ವಿಭಾಗ ಪೆನ್ಸಿಲು ಕೆಳಗಿಟ್ಟು ಅವಳನ್ನೇ ನೋಡುತ್ತಿತ್ತು.

"ಇನ್ನೊಂದು ಸಲ ಹಿಂಗಾದ್ರೆ ನೇರ ನಿನ್ನ ಹತ್ರಾನೇ ಬರ್ತೀನಿ, ತಿಳ್ಕೋ," ಎಂದು ಮುಗಿಸಿ ಓನುಕಿ ದಡದಡ ಮೆಟ್ಟಿಲಿಳಿದ. ಬೇರಿಂಗ್ ಪೆಟ್ಟಿಗೆ ಮಕಾಬೆಯ ಮೇಜಿನ ಮೇಲೆಯೇ ಉಳಿಯಿತು.

"ಈ ದರಿದ್ರಾನ ಯಾರಾದ್ರೂ ಎತ್ತಿ ಆಚೆ ಹಾಕಿ," ಎಂದ ಮಕಾಬೆ, ಚೆಲ್ಲಿದ ಚಹಾ ಒರೆಸುತ್ತಾ.

ಹಿಸಾಯೊ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ತನ್ನ ಹಲಗೆಯ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟಳು. ಕರವಸ್ತ್ರದಿಂದ ಮರಳು ಕೊಡವಿದಳು. ಅದನ್ನು ಎಣ್ಣೆಬಾಯಿ ಮೇಲಾಗಿರುವಂತೆ ಕೂರಿಸಿ, ಮೊನೆ ಮುರಿದ ಪೆನ್ಸಿಲನ್ನು ಚೂಪು ಮಾಡಿ ಅದರೊಳಗೆ ನಿಲ್ಲಿಸಿದಳು.