ಸಾರಿನ ಹರಕೆ

ನಾನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ನನ್ನ ಗಂಡ ಸಾರು ಬಿಟ್ಟರು. ಕಾಫಿ ಬಿಡಬಹುದಿತ್ತು, ಎಲೆಅಡಿಕೆ ಬಿಡಬಹುದಿತ್ತು, ಬೆಳಗಾಗೆದ್ದು ಟೀವಿಯಲ್ಲಿ ರಾಶಿಫಲ ಕೇಳುವುದನ್ನಂತೂ ಧಾರಾಳವಾಗಿ ಬಿಡಬಹುದಿತ್ತು. ಅದನ್ನೆಲ್ಲ ಇಟ್ಟುಕೊಂಡು ನನ್ನ ಕೈಯ ಸಾರನ್ನೇ ಆರಿಸಿಕೊಂಡರು.

ಬೆಟ್ಟಕ್ಕೆ ಹೋಗಿ ಅಮ್ಮನವರ ಮುಂದೆ ನಿಂತು, ಚೂಡಾಮಣಿಗೆ ವಾಸಿಯಾಗುವವರೆಗೆ ಸಾರು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಮನೆಗೆ ಬಂದರು.

"ನನಗೆ ಅತೀ ಇಷ್ಟವಾದದ್ದು ಯಾವುದೋ ಅದನ್ನೇ ಕೊಡ್ಬೇಕಲ್ವೇನೆ? ಕೊಟ್ಬುಟ್ಟೆ," ಅಂದರು.

ಕೆಮಿಸ್ಟ್ರಿ ಮೇಷ್ಟ್ರು. ಕಾಲೇಜಿನಲ್ಲಿ ತಲೆಮಾರುಗಟ್ಟಲೆ ಹುಡುಗರಿಗೆ ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಪಾಠ ಹೇಳಿ ನಿವೃತ್ತರಾದವರು. ನನಗೆ ಆಗ ಅಳು ಬರಬೇಕಿತ್ತು. ಸಿಟ್ಟು ಬಂತು.

ಅವರ ಹೆಸರು ಸುಂದರೇಶ. ನಾನು ಹೆಸರು ಹಿಡಿದು ಕರೆದವಳಲ್ಲ, ಹೇಳುವುದಕ್ಕೇನು ಈಗ. ನಜರ್‌ಬಾದಿನ ಈ ಮನೆಯಲ್ಲಿ ನಾವಿಬ್ಬರೇ, ಮಕ್ಕಳಿಲ್ಲ. ಪಿತ್ತಕೋಶದಲ್ಲಿ ಹುಟ್ಟಿದ ಗಡ್ಡೆ ಲಿವರಿಗೂ ಹಬ್ಬಿರುವುದು ನನ್ನ ಕೈಯಲ್ಲಿಲ್ಲ. ಕೀಮೋ ಕೊಡುವ ಡಾಕ್ಟರ ಕೈಯಲ್ಲೂ ಇಲ್ಲ, ಆ ಹುಡುಗಿ ಪಾಪ ನನ್ನ ಮುಖ ನೋಡಿಯೇ ಹಾಗಂತ ಹೇಳಿದಳು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಕೂತು ನನ್ನ ಕೈಯಲ್ಲಿ ಇನ್ನೇನಿದೆ ಎಂದು ಯೋಚಿಸಿದೆ. ಹುಡುಕಿ ಹುಡುಕಿ ಒಂದೇ ಒಂದು ಸಿಕ್ಕಿತು. ನಾನು ಹೋದ ಮೇಲೆ ಈ ಮನುಷ್ಯ ತನ್ನ ಅನ್ನ ತಾನು ಬೇಯಿಸಿಕೊಂಡು ತಿನ್ನುವ ಹಾಗೆ ಮಾಡಿ ಹೋಗಬೇಕು.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಅನ್ನಿಸುವವರು ನಮ್ಮ ಮಾವನವರನ್ನು ನೋಡಿಲ್ಲ. ಇವರ ತಂದೆ. ಅರಮನೆಯ ಪಾಠಶಾಲೆಯಲ್ಲಿ ಓದಿದವರು, ಇಡೀ ಗೀತೆ ಬಾಯಲ್ಲಿತ್ತು, ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದು ಗೊತ್ತಿರಲಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ ಒಬ್ಬ ಮಗನ ಮನೆಯಿಂದ ಇನ್ನೊಬ್ಬ ಮಗನ ಮನೆಗೆ ಚೀಲ ಹಿಡಿದುಕೊಂಡು ಓಡಾಡಿದರು. ಹೊತ್ತಿಗೆ ಮೊದಲೇ ಬಂದು ಎಲೆ ಹಾಕುವ ಜಾಗದಲ್ಲಿ ಕೂತಿರುತ್ತಿದ್ದರು. ಹಸಿವು ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಒಳಗೆ ಪಾತ್ರೆಯ ಸದ್ದಾದಾಗಲೆಲ್ಲ ಆ ಕಡೆ ತಿರುಗುತ್ತಿದ್ದರು. ಆ ತಿರುಗುವಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ಅಣ್ಣನ ಮಗಳು ಅಪೂರ್ವ ಯಾದವಗಿರಿಯಲ್ಲಿದ್ದಾಳೆ. "ಮಾವನ್ನ ನಾವ್ ನೋಡ್ಕೋತೀವಿ ಅತ್ತೆ, ನೀವ್ ಆ ಯೋಚನೆ ಬಿಡಿ," ಅಂದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳುವವಳಲ್ಲ. ಅಡಿಗೆಯವಳನ್ನು ಇಟ್ಟರಾಯಿತು ಎಂದೂ ಅಂದಳು. ಅಡಿಗೆಯವಳು ಬಾರದ ದಿನ ಇವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ಬಾಗಿಲ ಕಡೆ ಮುಖ ಮಾಡಿಕೊಂಡು ಕೂತಿರುತ್ತಾರೆ.

ಆದ್ದರಿಂದ ಕಲಿಸಲು ಹೊರಟೆ. ಕಲಿಯುವವರಿಗೆ ಮನಸ್ಸೇ ಇರಲಿಲ್ಲ. ಇವತ್ತು ಮೃತ್ಯುಂಜಯ ಜಪ, ನಾಳೆ ನಂಜನಗೂಡು, ನಾಡಿದ್ದು ಯಾರೋ ನಾಟಿ ವೈದ್ಯರ ಕಷಾಯ. ತಮ್ಮ ಕೈಯಲ್ಲಿಲ್ಲದ ಕೆಲಸವೆಂದರೆ ಎಷ್ಟು ದೂರ ಬೇಕಾದರೂ ಓಡುತ್ತಿದ್ದರು, ಅಡಿಗೆಮನೆಗೆ ನಾಲ್ಕು ಹೆಜ್ಜೆ ಇಡಲು ಕಾಲು ಬರುತ್ತಿರಲಿಲ್ಲ.

"ಈಗ ನಾನ್ ಅಡಿಗೆ ಕಲಿತರೆ ಏನರ್ಥ ಕಣೆ? ನೀನ್ ಹೋಗ್ತೀಯ ಅಂತ ಒಪ್ಕೊಂಡ ಹಾಗಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟರು.

"ನನಗೆ ನಿಂತ್ಕೊಳಕ್ಕಾಗಲ್ಲ, ಹೊಟ್ಟೆಗಿಲ್ದೇ ಈಗ್ಲೇ ಹೋಗ್ಲಾ?" ಅಂದೆ. ಅದು ನಾಟಿತು. ಎದ್ದು ಒಲೆಯ ಮುಂದೆ ನಿಂತರು.

ನಾನು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಬೇಳೆ ಎಷ್ಟು ಗ್ರಾಂ ಎಂದು ಕೇಳಿದರು. ಹಿಡಿ ಅಂದೆ. ಯಾರ ಹಿಡಿ ಅಂದರು. ಹುಣಿಸೆಹಣ್ಣಿನ ರಸ ಎಷ್ಟು ಹೊತ್ತು ಕುದಿಯಬೇಕು ಎಂದರು. ಹಸಿ ವಾಸನೆ ಹೋಗುವವರೆಗೆ ಅಂದೆ. ಅದು ಉತ್ತರವೇ ಅಲ್ಲ ಎಂದು ವಾದಕ್ಕೆ ನಿಂತರು. ಒಂದು ದಿನ ಬೇಳೆ ತಳ ಹಿಡಿಯಿತು, ಇನ್ನೊಂದು ದಿನ ಒಗ್ಗರಣೆಯ ಸಾಸಿವೆ ಸಿಡಿದು ಅವರ ಮೊಣಕೈ ಸುಟ್ಟಿತು. ನಾನು ಏಳಲಿಲ್ಲ. ಬರ್ನಾಲ್ ಎಲ್ಲಿದೆ ಎಂದೂ ಹೇಳಲಿಲ್ಲ, ಹುಡುಕಿಕೊಳ್ಳಲಿ ಎಂದು ಬಿಟ್ಟೆ. ಅವತ್ತು ಮಧ್ಯಾಹ್ನ ಮಲಗಿದಾಗ ಅದಕ್ಕಾಗಿ ಅತ್ತೆ.

ದಿನ ಕಳೆದಂತೆ ಕೈ ಪಳಗಿತು. ಅನ್ನ ಉದುರಾಯಿತು, ಪಲ್ಯ ತಿನ್ನುವ ಹಾಗಾಯಿತು. ಸಾರು ಮಾತ್ರ ಹತ್ತಿರಲಾರದು ಎಂದು ನನಗೆ ಗೊತ್ತಿತ್ತು, ಹತ್ತುವುದಾದರೂ ಹೇಗೆ. ನಮ್ಮ ಮನೆಗಳಲ್ಲಿ ಅಡಿಗೆ ಮಾಡುವವರು ರುಚಿ ನೋಡುವ ಹಾಗಿಲ್ಲ. ದೇವರಿಗೆ ತೋರಿಸುವ ಮೊದಲು ನಾಲಿಗೆಗೆ ತಾಗಿದರೆ ಎಂಜಲು. ಉಪ್ಪು ಹುಳಿ ಎಲ್ಲ ಕುದಿಯುವ ವಾಸನೆಯಲ್ಲೇ ತಿಳಿಯಬೇಕು, ನಾನು ಹಾಗೇ ಕಲಿತದ್ದು. ಆದರೆ ನನಗೂ ಮೂಗು ಒಂದೇ ದಿನಕ್ಕೆ ಬರಲಿಲ್ಲ. ಮದುವೆಯಾದ ಹೊಸತರಲ್ಲಿ ನೈವೇದ್ಯವಾಗಿ, ಎಲೆಗೆ ಬಡಿಸಿ, ಇವರು ಮೊದಲ ತುತ್ತು ಬಾಯಿಗಿಟ್ಟು ಏನನ್ನುತ್ತಾರೆ ಎಂದು ಕಾಯುತ್ತಿದ್ದೆ. ಇವತ್ತು ಖಾರ ಚುರುಕಾಯ್ತು ಅಂದರೆ ನಾಳೆ ಸರಿಪಡಿಸುತ್ತಿದ್ದೆ. ನನ್ನ ಸಾರನ್ನು ತಿದ್ದಿದ್ದು ಇವರ ನಾಲಿಗೆ. ಆ ನಾಲಿಗೆಗೇ ಈಗ ಹರಕೆಯ ಬೀಗ ಹಾಕಿಕೊಂಡು, ತಾವು ಮಾಡಿದ ಸಾರನ್ನು ನನಗೆ ಬಡಿಸಿ, ತಾವು ಪಲ್ಯ ಕಲಸಿಕೊಂಡು ತಿನ್ನುತ್ತಿದ್ದರು.

ದಿನವೂ ಕೇಳುತ್ತಿದ್ದರು, ಹೇಗಿದೆ ಎಂದು. ಚೆನ್ನಾಗಿದೆ ಅನ್ನುತ್ತಿದ್ದೆ.

ಹೋದ ಶುಕ್ರವಾರ ಮಧ್ಯಾಹ್ನ ದೇವರಿಗೆ ತೋರಿಸಿ, ಬಟ್ಟಲಲ್ಲಿ ಸಾರು ತಂದು ನನ್ನ ಮಂಚದ ಪಕ್ಕ ಕೂತರು. ನನಗೀಗ ಅಡಿಗೆಮನೆಯವರೆಗೂ ಬರಲಾಗುವುದಿಲ್ಲ.

"ನೋಡು ಚೂಡಾ, ಇವತ್ತು ಸರಿಯಾಗಿರ್ಬೇಕು."

ಚಮಚದಲ್ಲಿ ಬಾಯಿಗೆ ಹಾಕಿಕೊಂಡೆ. ಬಿಸಿಯಿದೆ ಅನ್ನುವುದೊಂದು ಗೊತ್ತಾಯಿತು.

"ನನಗೇನೂ ಗೊತ್ತಾಗ್ತಿಲ್ಲ ಕಣ್ರೀ," ಅಂದೆ. "ಕೀಮೋ ಶುರುವಾದ್ಮೇಲೆ ನಾಲಿಗೇನೂ ಹೋಯ್ತು, ಮೂಗೂ ಹೋಯ್ತು."

"ಮತ್ತೆ ದಿನಾ ಚೆನ್ನಾಗಿದೆ ಅಂತಿದ್ದೆ?"

"ಸುಳ್ಳು ಹೇಳ್ತಿದ್ದೆ. ಈ ಮನೇಲಿ ಈಗ ರುಚಿ ಗೊತ್ತಾಗೋ ನಾಲಿಗೆ ಅಂದ್ರೆ ನಿಮ್ಮದೊಂದೇ. ನೀವೇ ನೋಡಿ."

"ಹರಕೆ ಕಣೆ."

"ಗೊತ್ತು."

"ನಾನೀಗ ಬಾಯಿಗಿಟ್ರೆ…" ಬಟ್ಟಲನ್ನು ಮಂಚದ ಪಕ್ಕ ಕೆಳಗಿಟ್ಟರು.

ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಅವತ್ತು ಗದರುವ ಶಕ್ತಿಯೂ ಇರಲಿಲ್ಲ. "ನೀವು ತಿಂದ್ರೂ ಹೋಗ್ತೀನಿ, ತಿನ್ನದೇ ಇದ್ರೂ ಹೋಗ್ತೀನಿ. ಇದು ಸಾರಿಂದ ಬಂದಿದ್ದಲ್ಲ, ಸಾರು ಬಿಟ್ರೆ ಹೋಗೋದೂ ಅಲ್ಲ. ನನ್ನ ಪ್ರಾಣಾನ ಇದಕ್ಕೆ ಗಂಟು ಹಾಕ್ಬೇಡಿ. ನಾಳೆ ನಾನಿಲ್ದೇ ಇರುವಾಗ, ಹರಕೇಲೇ ಏನೋ ಕೊರತೆಯಾಯ್ತು, ಅದಕ್ಕೇ ಹೋದ್ಲು ಅಂತ ಕೊರಗ್ತಾ ಕೂತ್ಕೋತೀರಿ. ಊಟಾನೂ ಬಿಡ್ತೀರಿ. ನನಗ್ ಅದೇ ಭಯ, ಸಾಯೋದಲ್ಲ."

ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಅಮ್ಮನವರಿಗೆ ಏನ್ ಹೇಳ್ಲಿ?" ಎಂದು ಕೇಳಿದರು. ಚಿಕ್ಕ ಮಗು ಕೇಳುವ ಹಾಗೆ ನಿಜವಾಗಿಯೂ ಕೇಳಿದರು.

"ಹೆಂಡ್ತಿ ಹೇಳಿದ್ಲು ಅಂತ ಹೇಳಿ. ಅರ್ಥ ಮಾಡ್ಕೋತಾಳೆ."

ಅಂಗೈ ಕುಳಿ ಮಾಡಿ, ತೀರ್ಥ ತೆಗೆದುಕೊಳ್ಳುವ ಹಾಗೆ ಒಂದಿಷ್ಟು ಸಾರು ಹಾಕಿಕೊಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಗಂಟಲಲ್ಲಿ ಇಳಿಯುವುದು ಕಾಣಿಸಿತು. ಮುಚ್ಚಿದ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹುಳಿ ಜಾಸ್ತಿ," ಅಂದರು. "ಉಪ್ಪೂ ಸಾಲದು. ಇಷ್ಟು ದಿನ ಇದನ್ನ ತಿಂತಿದ್ಯೇನೆ?"

ಎದ್ದು ಒಳಗೆ ಹೋದರು. ಪಾತ್ರೆಯ ಸದ್ದು, ಒಲೆ ಹತ್ತಿಸಿದ ಸದ್ದು. ಮತ್ತೆ ಬಂದಾಗ ತಟ್ಟೆಯಲ್ಲಿ ಅನ್ನ, ಮೇಲೆ ಸಾರು. ನನ್ನ ಕಣ್ಣೆದುರೇ ಕೂತು ಕಲಸಿ ತಿಂದರು. ಬಿಕ್ಕುತ್ತಲೇ ತಿಂದರು. ಒಳಗೆ ಹೋಗಿ ಇನ್ನೊಂದು ಸಲ ಬಡಿಸಿಕೊಂಡು ಬಂದರು.

ನನಗೆ ಬೇಕಾಗಿದ್ದದ್ದು ಇದೇ. ಇದಕ್ಕಾಗಿಯೇ ಸುಟ್ಟ ಕೈಯನ್ನೂ ನೋಡದ ಹಾಗೆ ಕೂತಿದ್ದವಳು ನಾನು. ಆದರೂ ಆ ಎರಡನೆಯ ಸಲದ ಅನ್ನ ನೋಡಿದಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡೆ. ಡಾಕ್ಟರು, ಅಪೂರ್ವ, ಕೊನೆಗೆ ನಾನೂ ಕೈಬಿಟ್ಟಿದ್ದೆವು. ಚೂಡಾಮಣಿ ಬದುಕುತ್ತಾಳೆ ಎಂದು ನಂಬಿಕೊಂಡಿದ್ದವರು ಲೋಕದಲ್ಲಿ ಇವರೊಬ್ಬರೇ. ಆ ನಂಬಿಕೆಯನ್ನು ನಾನೇ ಕೂತು ಬಿಡಿಸಿದೆ. ಇನ್ನು ಯಾರೂ ಇಲ್ಲ.

ಮಜ್ಜಿಗೆ ಎಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ಅವರು ಕೇಳಲಿಲ್ಲ, ತಾವೇ ಎದ್ದು ಹೋಗಿ ತಂದುಕೊಂಡರು.