ಶಾಲು ಹೊದ್ದವರು ಬೀಳುವಂತಿಲ್ಲ

ಗಲ್ಫಿನ ಅಲ್ ಹೈಲ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬ ಫ್ರೆಂಚ್ ಸಿನಿಮಾ ನಿರ್ದೇಶಕರಿದ್ದಾರೆ ಎಂದು ನಮ್ಮ ಕನ್ನಡ ಸಂಘಕ್ಕೆ ಗೊತ್ತಾದದ್ದು ನನ್ನ ಬಾಯಿಯಿಂದಲೇ. ತಪ್ಪು ಅಲ್ಲಿಂದಲೇ ಶುರುವಾಯಿತು.

ಸಂಘದ ಅಧ್ಯಕ್ಷರು ಬೋಜಣ್ಣ. ಅಲ್ ಮಬೇಲಾದಲ್ಲಿ ಅವರದು ಟಯರ್ ಅಂಗಡಿ. ಮನೆಯ ಕಪಾಟಿನಲ್ಲಿ ನಲವತ್ತು ಶಾಲು. ಶಾಲುಗಳನ್ನು ಉಡುಪಿಯಿಂದ ಒಟ್ಟಿಗೆ ತರಿಸಿ, ಆಮೇಲೆ ಹೊದೆಸಲು ಹೆಗಲು ಹುಡುಕುವುದು ಅವರ ಕ್ರಮ. ಎರಡು ವರ್ಷಗಳಲ್ಲಿ ನಮ್ಮವರ ಪೈಕಿ ಸನ್ಮಾನವಾಗದೆ ಉಳಿದದ್ದು ಹಾಲು ಕುಡಿಯುವ ಮಕ್ಕಳು ಮಾತ್ರ.

"ಫಾರಿನ್ ಡೈರೆಕ್ಟರ್!" ಎಂದು ಬೋಜಣ್ಣ ಫೋನಿನಲ್ಲಿ ಕೂಗಿದರು. "ವಾರಿಜಕ್ಕ, ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತದ್ದಾ ನೀವು? ಈ ಸಲ ರಾಜ್ಯೋತ್ಸವಕ್ಕೆ ಅವರೇ ಚೀಫ್ ಗೆಸ್ಟ್. ಖಲಾಸ್."

"ಅವರಿಗೆ ಕನ್ನಡ ಬರುವುದಿಲ್ಲ ಬೋಜಣ್ಣ."

"ಚೀಫ್ ಗೆಸ್ಟಿಗೆ ಕನ್ನಡ ಎಂತಕ್ಕೆ ಮಾರಾಯ್ರೆ? ಕೂತುಕೊಳ್ಳಲಿಕ್ಕೆ ಬಂದರೆ ಸಾಕು."

ಲುಸಿಯೆನ್ ವರ್ಮೋ ಅವರಿಗೆ ಎಪ್ಪತ್ತೆಂಟು. ಮಗಳು ಓಲಿವಿಯಾ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶಾಲೆಯೊಂದರಲ್ಲಿ ಫ್ರೆಂಚ್ ಪಾಠ ಮಾಡುತ್ತಾಳೆ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ನಡುವೆ ಒಮ್ಮೆ ಅಪ್ಪನನ್ನು ನೋಡಿ ಬನ್ನಿ ಎಂದು ನನ್ನ ಕೈಗೆ ಮನೆಯ ಕೀಲಿ ಕೊಟ್ಟಿದ್ದಳು. ನಾನು ಬಟ್ಟೆ ಒಣಗಲು ಹಾಕಿ, ನೀರುದೋಸೆ ಮುಚ್ಚಿಕೊಂಡು ಕೆಳಗೆ ಇಳಿಯುತ್ತಿದ್ದೆ. ಅವರು ದೋಸೆಯನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ತೂತುಗಳಿಂದ ನನ್ನನ್ನು ನೋಡಿ, ಆಮೇಲೆ ತಿನ್ನುತ್ತಿದ್ದರು. ನನ್ನ ಮಗಳು ನಿಶ್ಮಿತಾ ಶಾಲೆಯಿಂದ ಬಂದವಳೇ ಅಲ್ಲಿಗೆ ಓಡುತ್ತಿದ್ದಳು. ಆಕೆಗಾಗಿ ಅವರು ದಿನಾ ಕುರ್ಚಿಯಿಂದ ಬೀಳುತ್ತಿದ್ದರು.

ಬೀಳುವುದೇ ಅವರ ಕಸುಬು. ಅವರ ಅಪ್ಪ ಶವಪೆಟ್ಟಿಗೆ ಮಾಡುವವರಂತೆ. ಎಂಟನೇ ವಯಸ್ಸಿನಲ್ಲಿ ಒಂದು ಶವಸಂಸ್ಕಾರದಲ್ಲಿ ಇವರು ಹೂಗುಚ್ಛದೊಂದಿಗೆ ಜಾರಿ ಬಿದ್ದರು. ಸತ್ತವನ ಹೆಂಡತಿಯೇ ಮೊದಲು ನಕ್ಕಳಂತೆ. ಅಪ್ಪ ಎರಡು ಏಟು ಕೊಟ್ಟರು, ಆ ಹೆಂಗಸು ಒಂದು ನಾಣ್ಯ ಕೊಟ್ಟಳು. ಅಲ್ಲಿಗೆ ಇವರ ಮುಂದಿನ ದಾರಿ ತೀರ್ಮಾನವಾಯಿತು. ತಾವೇ ಬರೆದು, ತಾವೇ ನಿರ್ದೇಶಿಸಿ, ತಾವೇ ಬಿದ್ದ ಹನ್ನೊಂದು ಚಿತ್ರಗಳು. ಎತ್ತರಕ್ಕೆ ಹೆದರುವ ಲಿಫ್ಟ್ ನಡೆಸುವವನ ಚಿತ್ರಕ್ಕೆ ಒಂದು ವರ್ಷ ಜನ ಕ್ಯೂ ನಿಂತರು. ಆಗ ಅವರಿಗೆ ತಲೆ ತಿರುಗಿ ಒಂದು ಗಂಭೀರ ಚಿತ್ರ ತೆಗೆದರು. ಅದಕ್ಕೂ ಜನ ನಕ್ಕರು. ಸಿಟ್ಟಿನಲ್ಲಿ ಮತ್ತೆ ಹಾಸ್ಯ ಚಿತ್ರ ತೆಗೆದರೆ ಯಾರೂ ನಗಲಿಲ್ಲ. ಇಬ್ಬರು ಹೆಂಡತಿಯರು ಬಿಟ್ಟುಹೋದರು. ಇಬ್ಬರೂ ಹೋಗುವಾಗ ನಗುತ್ತಿದ್ದರು ಎಂದು ಅವರೇ ಹೆಮ್ಮೆಯಿಂದ ಹೇಳುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಕೆಲಸವಿಲ್ಲ.

ಸನ್ಮಾನದ ವಿಷಯ ಹೇಳಿದಾಗ ಅವರು ತಮ್ಮ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಜನ ಬರುತ್ತಾರೆ ಮದಾಂ?"

"ಮುನ್ನೂರು ಜನ. ಊಟ ಚೆನ್ನಾಗಿದ್ದರೆ ನಾನೂರು."

ಅವರು ತಮ್ಮ ಬಲ ಮೊಣಕಾಲನ್ನು ತಟ್ಟಿದರು. "ಮುಂದಿನ ತಿಂಗಳು ಇದನ್ನು ಬದಲಾಯಿಸುತ್ತಾರೆ. ಆಮೇಲೆ ಬೀಳುವ ಹಾಗಿಲ್ಲ ಎಂದಿದ್ದಾರೆ ಡಾಕ್ಟರು. ನನಗೆ ಐದು ನಿಮಿಷ ಕೊಡಿಸಿ. ಒಂದು ಸಲ, ತುಂಬಿದ ಹಾಲ್ ನಗುವುದನ್ನು ಕೇಳಬೇಕು. ಓಲಿವಿಯಾ ನಗುತ್ತಾಳೆ, ಆದರೆ ಮಾತ್ರೆ ಕೊಟ್ಟ ಹಾಗೆ, ಹೊತ್ತು ಹೊತ್ತಿಗೆ."

ಐದು ನಿಮಿಷ ಕೊಡಿಸುವುದು ನನ್ನ ಪಾಲಿಗೆ ಬಂತು. ಪರಿಚಯ ಭಾಷಣ ಬರೆಯುವುದೂ. ಬರೆದದ್ದನ್ನು ತಿದ್ದಲು ಬೋಜಣ್ಣ ನಮ್ಮ ಮನೆಗೇ ಬಂದರು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಅವರು ಕೆಂಪು ಪೆನ್ನು ತೆಗೆದರು.

"ಎರಡು ಡಿವೋರ್ಸ್ ಬೇಡ ಅಕ್ಕ. ಹೆಂಗಸರು ಮಕ್ಕಳು ಬರ್ತಾರೆ."

"ಮತ್ತೆ ಎಂತ ಬರೆಯುವುದು?"

"'ತುಂಬು ಸಂಸಾರಿ' ಅಂತ ಬರೆಯಿರಿ. ಶವಪೆಟ್ಟಿಗೆಯೂ ಬೇಡ, ಅಪಶಕುನ. 'ಮರಗೆಲಸದ ಮನೆತನ.' ಇಲ್ಲಿ ಬಿದ್ದರು, ಅಲ್ಲಿ ಬಿದ್ದರು ಅಂತ ಹನ್ನೆರಡು ಕಡೆ ಬರೆದಿದ್ದೀರಲ್ಲ, ಎಂತದು ಇದು?"

"ಅವರ ಕೆಲಸವೇ ಅದು ಬೋಜಣ್ಣ. ಬಿದ್ದು ನಗಿಸುವುದು."

"ಹಾಗಾದರೆ 'ಏಳುಬೀಳುಗಳನ್ನು ಕಂಡವರು' ಅಂತ ಹಾಕಿ. ಮರ್ಯಾದೆ ಉಳಿಯಿತಲ್ಲ?"

ಕೊನೆಗೆ ನನ್ನ ಎರಡು ಪುಟದಲ್ಲಿ ಉಳಿದದ್ದು ಅವರ ಹೆಸರು ಮತ್ತು ವಯಸ್ಸು. ಉಳಿದದ್ದೆಲ್ಲ ಕಳೆದ ವರ್ಷ ಒಬ್ಬ ದಂತವೈದ್ಯರಿಗೆ ಓದಿದ ಮಾನಪತ್ರವೇ. 'ನಿಸ್ವಾರ್ಥ ಸೇವೆ' ಇತ್ತು, 'ಅಜಾತಶತ್ರು' ಇತ್ತು.

"ಅವರ ಐದು ನಿಮಿಷ?" ಎಂದು ಕೇಳಿದೆ.

"ಕೊಡುವ. ಸನ್ಮಾನ ಆದ ಮೇಲೆ ಕೊಡುವ. ಮೊದಲೇ ಕುಣಿಸಿ ಆಮೇಲೆ ಶಾಲು ಹೊದೆಸಿದರೆ ಬಂದ ದೊಡ್ಡವರಿಗೆ ಅವಮಾನ ಅಲ್ವಾ?"

ಅದು ಸರಿಯೆಂದೇ ನನಗೂ ತೋರಿತು. ಮೊದಲು ಗೌರವ, ಆಮೇಲೆ ಮನರಂಜನೆ. ನಾವೆಲ್ಲ ಹಾಗೆಯೇ ಬೆಳೆದವರು.

ಆ ದಿನ ಹಾಲ್ ತುಂಬಿತ್ತು. ಓಲಿವಿಯಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಊಟಕ್ಕೆ ಕೋರಿರೊಟ್ಟಿ ಎಂದು ಗುಂಪಿನಲ್ಲಿ ಮೆಸೇಜ್ ಹೋಗಿತ್ತು. ಏಳು ಜನ ಭಾಷಣ ಮಾಡಿದರು. ಅವರಲ್ಲಿ ನಾಲ್ವರು ಸಮಯದ ಅಭಾವದ ಬಗ್ಗೆಯೇ ಹತ್ತು ಹತ್ತು ನಿಮಿಷ ಮಾತಾಡಿದರು. ಕಾರ್ಯದರ್ಶಿ ಶ್ರೀನಿವಾಸಮೂರ್ತಿ ಮಾನಪತ್ರ ಓದಿದರು. ಆಮೇಲೆ ಬೋಜಣ್ಣ ವರ್ಮೋ ಅವರಿಗೆ ಮಲ್ಲಿಗೆ ಹಾರ ಹಾಕಿ, ಶಾಲು ಹೊದೆಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟು, ಒಂದೊಂದಕ್ಕೂ ಕ್ಯಾಮೆರಾದ ಕಡೆ ತಿರುಗಿ ನಿಂತರು. ಪೇಟ ಸಡಿಲವಾಗಿ ಕಿವಿಯ ಮೇಲೆ ಕೂತಿತು. ಅಷ್ಟಾದರೂ ಯಾರೂ ನಗಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಐದು ನಿಮಿಷ ಸಿಕ್ಕಿತು. ವರ್ಮೋ ಅವರು ವೇದಿಕೆಯ ನಡುವೆ ಒಂದು ಕುರ್ಚಿ ಎಳೆದುಕೊಂಡು, ಕೂರಲು ಹೋಗಿ, ಕಾಲಿಗೆ ಕಾಲು ಸಿಕ್ಕಿಸಿಕೊಂಡು, ಕೈಯಲ್ಲಿ ಗಾಳಿಯನ್ನು ಹಿಡಿದುಕೊಂಡು ಬಿದ್ದರು. ಸುಂದರವಾಗಿ ಬಿದ್ದರು. ಮನೆಯಲ್ಲಿ ಇದನ್ನು ನೋಡಿದ ನಿಶ್ಮಿತಾ ನೆಲದಲ್ಲಿ ಹೊರಳಾಡಿದ್ದಳು.

"ಅಯ್ಯೋ ದೇವರೇ!" ಎಂದು ನಾನೂರು ಜನ ಎದ್ದು ನಿಂತರು.

ಹಿಂದಿನ ಸಾಲಿನಿಂದ ನರ್ಸ್ ಲವಿಟಾ ಹೈ ಹೀಲ್ಸ್ ಕಳಚಿ ಓಡಿದಳು. ಸಮಿತಿಯವರು ಆಮಂತ್ರಣ ಪತ್ರಿಕೆಗಳಿಂದ ಗಾಳಿ ಹಾಕಿದರು. ಬೋಜಣ್ಣ ಮೈಕ್ ಹಿಡಿದು, "ಯಾರೂ ಮುತ್ತಬೇಡಿ, ಗಾಳಿ ಬಿಡಿ, ಗಾಳಿ ಬಿಡಿ" ಎಂದು ತಾವೇ ಎಲ್ಲರಿಗಿಂತ ಮುಂದೆ ಬಾಗಿದರು. ನೆಲದ ಮೇಲಿದ್ದ ವರ್ಮೋ, ತಮಗೇನೂ ಆಗಿಲ್ಲ ಎಂದು ತಿಳಿಸಲು ಕಣ್ಣು ಹೊಡೆದರು.

"ಒಂದೇ ಕಣ್ಣು ಮುಚ್ಚುತ್ತಾ ಉಂಟು!" ಎಂದಳು ಲವಿಟಾ. "ಸ್ಟ್ರೋಕ್ ಇರಬಹುದು, ಆಂಬುಲೆನ್ಸ್ ಕರೆಯಿರಿ!"

ಅವರು ಗಡಬಡಿಸಿ ಎದ್ದು ನಿಂತರು. ಚಪ್ಪಾಳೆ ಬಿತ್ತು. ಮತ್ತೊಮ್ಮೆ ಬೀಳಲು ನೋಡಿದರು. ಅರ್ಧ ದಾರಿಯಲ್ಲೇ ನಾಲ್ವರು ಹಿಡಿದು ನಿಲ್ಲಿಸಿದರು. ಇನ್ನೂ ಜೋರಾಗಿ ಚಪ್ಪಾಳೆ. "ಈ ವಯಸ್ಸಿನಲ್ಲಿ ಎಂತ ಮನೋಬಲ" ಎಂದು ನನ್ನ ಪಕ್ಕದವರು ಕಣ್ಣೊರೆಸಿಕೊಂಡರು. ಸ್ವಾಗತಗೀತೆಗೆ ಮಾಡಿಕೊಂಡ ಮೇಕಪ್ ಅವರ ಕೆನ್ನೆಯಿಂದ ಇಳಿಯಿತು.

ವರ್ಮೋ ನನ್ನ ಕಡೆ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಸಿಕ್ಕಿದ ಒಂದೇ ತುಂಬಿದ ಹಾಲ್, ಇನ್ನು ಎರಡೂವರೆ ನಿಮಿಷ, ಎದುರಿಗೆ ನಾನೂರು ಜನರ ಅನುಕಂಪ. ಅವರ ಮುಖ, ಬಹುಮಾನ ಬಾರದ ಮಗುವಿನ ಮುಖದಂತೆ ಇತ್ತು.

ಆ ಶಾಲು, ಆ ಪೇಟ, ಆ ಹಾರ ಮೈಮೇಲಿರುವವರೆಗೆ ನಮ್ಮವರು ನಗಲಾರರು. ಸನ್ಮಾನವಾದ ಮೇಲೆ ಮನುಷ್ಯ ಗೋಡೆಯ ಮೇಲಿನ ಫೋಟೋ. ಫೋಟೋ ಬಿದ್ದರೆ ಯಾರು ನಗುತ್ತಾರೆ? ನಾನು ವೇದಿಕೆ ಹತ್ತಿದೆ. ಫ್ಯಾನ್ಸಿ ಡ್ರೆಸ್ ಮುಗಿದ ಮಗುವಿಗೆ ಮಾಡುವ ಹಾಗೆ ಅವರ ಪೇಟ ತೆಗೆದೆ, ಹಾರ ತೆಗೆದೆ, ಶಾಲು ಬಿಚ್ಚಿದೆ.

"ವಾರಿಜಕ್ಕ!" ಬೋಜಣ್ಣನ ಧ್ವನಿ ಮೈಕಿನಲ್ಲಿ ಒಡೆಯಿತು. "ಹೊದೆಸಿದ್ದನ್ನು ತೆಗೆಯುವುದಾ? ನಮ್ಮ ಸಂಘದ ಇತಿಹಾಸದಲ್ಲೇ ಇಲ್ಲ ಇದು!"

ಕೈಯಲ್ಲಿದ್ದುದನ್ನು ಎಲ್ಲಿಡುವುದೆಂದು ತಿಳಿಯದೆ ಎಲ್ಲವನ್ನೂ ಆ ಖಾಲಿ ಕುರ್ಚಿಯ ಮೇಲಿಟ್ಟು ಕೆಳಗಿಳಿದೆ.

ವರ್ಮೋ ಕುರ್ಚಿಯನ್ನು ನೋಡಿದರು. ಮೆಲ್ಲನೆ ಹತ್ತಿರ ಹೋಗಿ ಶಾಲನ್ನು ಅದರ ಎರಡೂ ಕೈಗಳ ಮೇಲೆ ನೀಟಾಗಿ ಹೊದೆಸಿದರು. ಬೆನ್ನಿನ ತುದಿಗೆ ಪೇಟ ಇಟ್ಟು, ಒಂದು ಹೆಜ್ಜೆ ಹಿಂದೆ ಬಂದು, ಬೋಜಣ್ಣನಂತೆಯೇ ಹೊಟ್ಟೆ ಮುಂದೆ ಮಾಡಿ, ಬೋಜಣ್ಣನಂತೆಯೇ ಗಂಟಲು ಸರಿಮಾಡಿ, ಕುರ್ಚಿಗೆ ಹಾರ ಹಾಕುತ್ತಾ ಮುಖವನ್ನು ಮಾತ್ರ ಕ್ಯಾಮೆರಾದ ಕಡೆ ತಿರುಗಿಸಿ ನಿಂತರು. ಫ್ಲ್ಯಾಶ್ ಬರಲಿಲ್ಲ. ಹಾರ ತೆಗೆದು ಮತ್ತೆ ಹಾಕಿದರು. ಮತ್ತೆ ನಗುಮುಖ ಮಾಡಿ ಕಾದರು.

ಮೊದಲು ನಿಶ್ಮಿತಾ ಕಿಸಕ್ಕೆಂದಳು. "ಸುಮ್ಮನಿರು" ಎಂದು ಅವಳ ಬಾಯಿ ಮುಚ್ಚಲು ಹೋದ ಪಕ್ಕದವರೇ ಉಕ್ಕಿ ನಕ್ಕುಬಿಟ್ಟರು. ಆಮೇಲೆ ಸಾಲು ಸಾಲಾಗಿ ಹಾಲ್ ಬಿರಿಯಿತು. ವರ್ಮೋ ಕುರ್ಚಿಗೆ ಕೈಮುಗಿದು ಹಣ್ಣಿನ ಬುಟ್ಟಿ ಕೊಟ್ಟರು. ತೆಗೆದುಕೊಳ್ಳಲಿಲ್ಲವೆಂದು ನೊಂದುಕೊಂಡರು. ಆಮೇಲೆ ಸುತ್ತ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಕಳ್ಳನಂತೆ ಅದರ ತುದಿಯಲ್ಲಿ ಕೂರಲು ಹೋದರು. ಪೇಟ ಅಲುಗಿತು. ಗಾಬರಿಯಲ್ಲಿ ಕಾಲಿಗೆ ಕಾಲು ಸಿಕ್ಕಿ ಬಿದ್ದರು.

ಈ ಸಲ ಯಾರೂ ಓಡಲಿಲ್ಲ. ಶ್ರೀನಿವಾಸಮೂರ್ತಿ ಮಾನಪತ್ರದ ಫ್ರೇಮಿನಿಂದ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದರು. "ಸಮಯದ ಅಭಾವದಿಂದ..." ಎಂದು ಬೋಜಣ್ಣ ಮೈಕಿನಲ್ಲಿ ಶುರುಮಾಡಿದರು, ಅದಕ್ಕೆ ಎಲ್ಲದಕ್ಕಿಂತ ದೊಡ್ಡ ನಗು ಬಂತು.

ವರ್ಮೋ ಏಳಲಿಲ್ಲ. ಮನೆಯಲ್ಲಾದರೆ ಎರಡು ಉಸಿರಿನೊಳಗೆ ಏಳುತ್ತಿದ್ದರು. ವೇದಿಕೆಯ ಬಳಿಯೇ ಕೂತಿದ್ದ ಲವಿಟಾ ಮತ್ತೆ ಅರ್ಧ ಎದ್ದಳು. ನಾನು ಅವಳ ಕೈ ಹಿಡಿದು ಕೂರಿಸಿದೆ.

"ಬಿಡು ಲವಿಟಾ. ಅವರು ಕೇಳಿಸಿಕೊಳ್ತಾ ಇದ್ದಾರೆ."

ಕಣ್ಣು ಮುಚ್ಚಿ, ಅಂಗಾತ ಮಲಗಿ, ಆ ನಗು ತಾನಾಗಿ ತಗ್ಗುವವರೆಗೂ ಅವರು ಕೇಳಿದರು. ನಂತರ ಓಲಿವಿಯಾಳ ಕೈ ಹಿಡಿದು ಎದ್ದರು.

ಮರುವಾರ ಸಂಘದ ಸಭೆಯಲ್ಲಿ ಬೋಜಣ್ಣ ಒಂದು ನಿರ್ಣಯ ಮಂಡಿಸಿದರು: ಇನ್ನು ಮುಂದೆ ಸನ್ಮಾನಿತರು ಸನ್ಮಾನದ ಬಳಿಕ ಕುರ್ಚಿ ಬಿಟ್ಟು ಏಳತಕ್ಕದ್ದಲ್ಲ. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಓದಿ ಮುಗಿಸಿದ ಬೋಜಣ್ಣ ಗಂಟಲು ಸರಿಮಾಡಿ, ಅಭ್ಯಾಸಬಲದಿಂದ ಕ್ಯಾಮೆರಾ ಇಲ್ಲದ ಗೋಡೆಯ ಕಡೆ ಮುಖ ತಿರುಗಿಸಿದರು. ಎತ್ತಿದ ಕೈಗಳೆಲ್ಲ ಒಟ್ಟಿಗೆ ಬಾಯಿಗೆ ಹೋದವು.